ಒಡೆಯಲೆಂದೇ ಇಟ್ಟ ಗಾಜು

ಮಾನ್ಯರೇ,

ಅಸ್ಕರ್‌ಬೆಕ್ ಹಳ್ಳಿಯಿಂದ ಮೆಲ್‌ಥ್ವೇಟ್ ಪೇಟೆಯ ಶಾಲೆಗೆ ಹೋಗುವ ಸೈಕಲ್ ದಾರಿಯ ಪಕ್ಕದ ಕಲ್ಲಿನ ಗೋಡೆ ಬೀಳಲಿದೆ. ಜಿಲ್ಲೆಯ ಸೈಕಲ್ ದಾರಿಗಳ ಸುರಕ್ಷತೆಯ ಹೊಣೆ ಹೊತ್ತಿರುವ ತಮಗೆ ಇದನ್ನು ಮೂರು ಸಲ ಖಾಸಗಿಯಾಗಿ ಬರೆದೆ. ಮೂರು ಸಲವೂ ತಮ್ಮ ಕಚೇರಿ ಎಷ್ಟು ಸೌಜನ್ಯದಿಂದ ಉತ್ತರಿಸಿತೆಂದರೆ, ಓದಿ ಮುಗಿಸುವ ಹೊತ್ತಿಗೆ ನಾನೇ ಹೋಗಿ ಗೋಡೆಯ ಕ್ಷಮೆ ಕೇಳಬೇಕೇನೋ ಅನ್ನಿಸಿತು. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಬರುವ ಬುಧವಾರ ಶಾಲೆ ತೆರೆಯುತ್ತದೆ. ಅಂದು ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಹದಿನಾಲ್ಕು ಮಕ್ಕಳು ಆ ಗೋಡೆಯ ಕೆಳಗೆ ಸಾಲಾಗಿ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಸಾಲಿನ ಮುಂದೆ ಅವರನ್ನು ಕರೆದೊಯ್ಯುವವಳು ನನ್ನ ಮಗಳು ರೊವೀನಾ.

ನಾನು ಯಾರೆಂಬುದು ತಮ್ಮ ಕಡತದಲ್ಲಿದೆ. ಪತ್ರಿಕೆ ಓದುವವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಇಪ್ಪತ್ತೊಂಬತ್ತು ವರ್ಷ ಮೆಲ್‌ಥ್ವೇಟ್ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದವಳು. ನಿವೃತ್ತಿಯ ನಂತರ ಈ ದಾರಿಯ ಸ್ವಯಂಸೇವಕಿ. ಹಸಿರು ಅಂಗಿ ತೊಟ್ಟು ಪ್ರತಿ ಸೋಮವಾರ ಮೂರು ಮೈಲಿ ನಡೆದು, ಮುಳ್ಳುಕಂಟಿ ಕತ್ತರಿಸಿ, ಕಸ ಹೆಕ್ಕಿ, ತಿಂಗಳಿಗೊಮ್ಮೆ ತಮ್ಮ ಕಚೇರಿಯ ನಮೂನೆ ತುಂಬುವುದು ನನ್ನ ಕೆಲಸ. ಕೆಲಸವಾಗಿತ್ತು ಎನ್ನಬೇಕು. ಆ ಅಂಗಿಯನ್ನು ತಾವು ಜುಲೈ ತಿಂಗಳಲ್ಲಿ ವಾಪಸು ತರಿಸಿಕೊಂಡಿರಿ.

ಈ ದಾರಿ ಯಾರೂ ನಮಗೆ ಕನಿಕರದಿಂದ ಕೊಟ್ಟದ್ದಲ್ಲ. ಹಿಂದೆ ಇಲ್ಲಿ ರೈಲು ಓಡುತ್ತಿತ್ತು. ರೈಲು ನಿಂತ ಮೇಲೆ ಹಳಿ ಕಿತ್ತರು, ಬ್ರಾಂಬಲ್ ಮುಳ್ಳು ಬೆಳೆಯಿತು, ಕುರಿಗಳು ಮೇಯ್ದವು. ಶಾಲೆಗೆ ಹೋಗುವ ಮಕ್ಕಳು ಕಲ್ಲುಗಣಿಯ ಲಾರಿಗಳು ಓಡಾಡುವ ಹೆದ್ದಾರಿಯ ಅಂಚಿನಲ್ಲಿ ಸೈಕಲ್ ತುಳಿಯುತ್ತಿದ್ದರು. ಮೂವತ್ತನಾಲ್ಕು ವರ್ಷದ ಹಿಂದಿನ ಒಂದು ನವೆಂಬರ್ ಬೆಳಿಗ್ಗೆ ಜೂಡಿತ್ ಎಂಬ ಹನ್ನೊಂದು ವರ್ಷದ ಹುಡುಗಿ ಲಾರಿಗೆ ಸಿಕ್ಕಿ ಸತ್ತಳು. ಆಗ ಅದೇ ವಯಸ್ಸಿನವಳಾಗಿದ್ದ ರೊವೀನಾಳ ಪಕ್ಕ ತರಗತಿಯಲ್ಲಿ ಕೂರುತ್ತಿದ್ದವಳು. ಆ ದಿನದ ಊಟಕ್ಕೆಂದು ಅವಳಿಗೂ ಸೇರಿಸಿ ನಾನು ತಟ್ಟೆಗಳನ್ನು ಎಣಿಸಿ ಇಟ್ಟಿದ್ದೆ. ಅಲ್ಲಿಂದ ಒಂಬತ್ತು ವರ್ಷ ನಾವು ಹತ್ತಾರು ತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆದು, ಈ ಹಳೆಯ ರೈಲು ದಾರಿಯನ್ನು ಮಕ್ಕಳ ದಾರಿ ಮಾಡಿಸಿದೆವು. ಮೋಟಾರು ವಾಹನ ಒಂದೂ ಬರದ ಮೂರು ಮೈಲಿ. ಈಗ ಅದನ್ನು ಮುಚ್ಚಿ ಎಂದು ಕೇಳುತ್ತಿರುವವಳೂ ನಾನೇ. ಇದನ್ನು ಬರೆಯುವಾಗ ನನ್ನ ಕೈಗೆ ಸಂತೋಷವಾಗುತ್ತಿಲ್ಲ ಎಂಬುದನ್ನು ತಾವು ನಂಬಬೇಕು.

ದಾರಿಯ ನಡುವೆ ಗುಡ್ಡ ಸೀಳಿದ ಜಾಗವಿದೆ. ಅಲ್ಲಿ ಇನ್ನೂರು ಗಜದುದ್ದಕ್ಕೆ ಒಂದು ಬದಿಯಲ್ಲಿ ಮೂವತ್ತು ಅಡಿ ಎತ್ತರದ ಕಲ್ಲಿನ ಗೋಡೆ ಗುಡ್ಡವನ್ನು ತಡೆದು ನಿಂತಿದೆ. ಕಟ್ಟಿದವರು ಬುದ್ಧಿವಂತರು. ಗೋಡೆಯ ಬುಡದಲ್ಲಿ ಎರಡು ಮಾರಿಗೊಂದು ತೂತು ಬಿಟ್ಟಿದ್ದರು, ಗುಡ್ಡದೊಳಗಿನ ನೀರು ಬಸಿದು ಹೋಗಲಿ ಎಂದು. ಆ ನೀರು ದಾರಿಗೆ ಹರಿದು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಮಕ್ಕಳು ಜಾರಿ ಬೀಳುತ್ತಿದ್ದರು. ಐದು ವರ್ಷದ ಹಿಂದೆ ಹಳ್ಳಿಯ ಇನ್ನೂರ ಹನ್ನೆರಡು ಜನ ಸಹಿ ಹಾಕಿ ಮನವಿ ಕೊಟ್ಟೆವು. ನನ್ನ ಸಹಿ ಮೂರನೆಯದು. ತಮ್ಮ ಕಚೇರಿಯ ಚರಿತ್ರೆಯಲ್ಲೇ ಇಲ್ಲದ ಅದ್ಭುತವೊಂದು ಆಗ ನಡೆಯಿತು: ಹದಿನೈದು ದಿನದಲ್ಲಿ ಕೆಲಸಗಾರರು ಬಂದು ತೂತುಗಳಿಗೆಲ್ಲ ಸಿಮೆಂಟು ಬಡಿದು ಹೋದರು. ದಾರಿ ಒಣಗಿತು. ನಾವು ತಮಗೆ ಧನ್ಯವಾದ ಹೇಳಿ ಕಾರ್ಡು ಕಳಿಸಿದೆವು. ಗುಡ್ಡದೊಳಗಿನ ನೀರು ಎಲ್ಲಿಗೆ ಹೋಯಿತೆಂದು ನಾವೂ ಕೇಳಲಿಲ್ಲ, ತಾವೂ ಕೇಳಲಿಲ್ಲ.

ಎರಡು ವರ್ಷದೊಳಗೆ ಗೋಡೆಯಲ್ಲಿ ಬಿರುಕು ಕಾಣಿಸಿತು. ನಾನೇ ವರದಿ ಮಾಡಿದೆ. ಕಚೇರಿಯಿಂದ ಒಬ್ಬ ಎಂಜಿನಿಯರು ಬಂದು, ಬಿರುಕಿನ ಮೇಲೆ ಅಡ್ಡಲಾಗಿ ಬೆರಳಗಲದ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಅಂಟು ಹಾಕಿ ಕೂರಿಸಿ, ಅದರ ಮೇಲೆ ದಿನಾಂಕ ಗೀರಿ, "ಇದರ ಮೇಲೆ ಒಂದು ಕಣ್ಣಿಟ್ಟಿರಿ" ಎಂದು ಹೇಳಿ ಹೋದರು. ಯಾಕೆ ಎಂದು ನಾನು ಕೇಳಲಿಲ್ಲ. ಓದಿದವರು ಏನೋ ಅಂಟಿಸಿದ್ದಾರೆ, ಅದನ್ನು ಜೋಪಾನ ಮಾಡುವುದು ನನ್ನ ಪಾಲಿನದು ಎಂದುಕೊಂಡೆ. ಆ ಎಂಜಿನಿಯರು ಆಮೇಲೆ ಬೇರೆ ಊರಿನಲ್ಲಿ ಕೆಲಸ ಹಿಡಿದರಂತೆ. ತಮ್ಮ ನಮೂನೆಯಲ್ಲಿ ಮಾತ್ರ ಹೊಸ ಸಾಲೊಂದು ಸೇರಿತು: 'ಗಾಜಿನ ಪಟ್ಟಿ ಸುಸ್ಥಿತಿಯಲ್ಲಿದೆಯೇ? ಇಲ್ಲದಿದ್ದರೆ ಕೈಗೊಂಡ ಕ್ರಮವೇನು?'

ಹದಿಮೂರು ತಿಂಗಳ ನಂತರ ಒಂದು ಸೋಮವಾರ ಗಾಜು ನಡುವೆ ಸೀಳಿತ್ತು. ಪೋಲಿ ಹುಡುಗರು ಕಲ್ಲೆಸೆದಿದ್ದಾರೆಂದುಕೊಂಡೆ. ಶಾಲೆಯ ವಿಜ್ಞಾನದ ಕೋಣೆಯಿಂದ ಅದೇ ಅಳತೆಯ ಗಾಜಿನ ಪಟ್ಟಿಗಳ ಪೆಟ್ಟಿಗೆಯೊಂದನ್ನು ಕೇಳಿ ತಂದು, ಹೊಸದನ್ನು ನೀಟಾಗಿ ಅಂಟಿಸಿ, ದಿನಾಂಕ ಗೀರಿ, ನಮೂನೆಯಲ್ಲಿ 'ಒಡೆದಿತ್ತು, ಬದಲಿಸಿದೆ' ಎಂದು ಬರೆದೆ. ತಮ್ಮ ಕಚೇರಿಯಿಂದ ಉತ್ತರ ಬಂತು. ಅದನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. 'ತಾವು ಸ್ವಪ್ರೇರಣೆಯಿಂದ ಕೈಗೊಂಡ ತ್ವರಿತ ಕ್ರಮಕ್ಕೆ ಧನ್ಯವಾದಗಳು.' ಮಾನ್ಯರೇ, ನನ್ನ ಜೀವಮಾನದಲ್ಲಿ ಸರ್ಕಾರಿ ಕಚೇರಿ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಹೆಮ್ಮೆಯಿಂದ ಉಬ್ಬಿಹೋದೆ. ಅಲ್ಲಿಂದ ಮುಂದೆ ಗಾಜು ಒಡೆದಾಗಲೆಲ್ಲ ಮೊದಲು ಬದಲಿಸಿ, ಆಮೇಲೆ ನಮೂನೆ ತುಂಬಿದೆ. ಬದಲಿಸಿದ ಮೇಲೆ ಅದು ಸುಸ್ಥಿತಿಯಲ್ಲೇ ಇರುತ್ತಿತ್ತಲ್ಲ. ಹೌದು ಎಂಬಲ್ಲಿ ಗುರುತು ಮಾಡಿದೆ, ಸಹಿ ಹಾಕಿದೆ. ಗೋಡೆಯ ಬುಡದಲ್ಲಿ ವಾರವಾರವೂ ಉದುರಿ ಬಿದ್ದಿರುತ್ತಿದ್ದ ಕಲ್ಲಿನ ಚೂರುಗಳನ್ನೂ ಸೈಕಲ್ ಚಕ್ರಕ್ಕೆ ಸಿಗಬಾರದೆಂದು ಗುಡಿಸಿ ಎಸೆದೆ. ಮೂರು ವರ್ಷ ನಾನು ಆ ಗೋಡೆಯನ್ನು ನೋಡಿಕೊಂಡ ಹಾಗೆ ನನ್ನ ಅಡುಗೆಮನೆಯನ್ನೂ ನೋಡಿಕೊಂಡಿಲ್ಲ.

ಕಳೆದ ಜೂನ್ ಕೊನೆಯಲ್ಲಿ ಹೀಗೆ ಗಾಜು ಅಂಟಿಸುತ್ತಿದ್ದಾಗ ಸೆಡ್ರಿಕ್ ಟ್ಯಾಟರ್ಸಲ್ ಆ ಕಡೆ ಬಂದ. ಎಂಬತ್ತು ದಾಟಿದ ಮುದುಕ. ಈ ಕಣಿವೆಯ ಹೊಲಗಳ ಕಲ್ಲುಗೋಡೆಗಳಲ್ಲಿ ಅರ್ಧ ಅವನ ಕೈಯವು, ಉಳಿದರ್ಧ ಅವನ ಅಪ್ಪನ ಕೈಯವು. ನಾಯಿಯ ಜೊತೆ ಬಂದವನು ನನ್ನನ್ನು ನೋಡಿ ನಿಂತ.

"ಏನ್ ಮಾಡ್ತಿದೀಯ ಬೆರಿಲ್?"

"ಕಾಣ್ತಿಲ್ವಾ? ಗಾಜು ಒಡೆದಿತ್ತು, ಬೇರೆ ಹಾಕ್ತಿದೀನಿ."

"ಇದು ಎಷ್ಟನೇದು?"

"ಹತ್ತನೇದು. ಈ ಹುಡುಗರಿಗೆ ಬೇರೆ ಕೆಲಸ ಇಲ್ಲ ನೋಡು."

ಸೆಡ್ರಿಕ್ ಸಾಧಾರಣಕ್ಕೆ ಕೂರುವ ಮನುಷ್ಯನಲ್ಲ. ಅವತ್ತು ದಾರಿಯ ಆಚೆ ಬದಿಗೆ, ಗೋಡೆಯಿಂದ ಆದಷ್ಟು ದೂರ ಹೋಗಿ, ಹುಲ್ಲಿನ ಮೇಲೆ ಕೂತುಬಿಟ್ಟ. ನಾಯಿಯನ್ನೂ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಯಾವ ಹುಡುಗ್ರೂ ಒಡೆದಿಲ್ಲ ಕಣೇ. ಒಡೆಯೋದೇ ಅದರ ಕೆಲಸ. ಗೋಡೆ ಅಲ್ಲಾಡಿದ್ರೆ ಗಾಜು ಒಡೀಲಿ, ನೋಡಿದೋರಿಗೆ ಗೊತ್ತಾಗ್ಲಿ ಅಂತ ಇಡ್ತಾರೆ. ನೀನು ಪ್ರತಿ ಸಲ ಅದರ ಬಾಯಿ ಮುಚ್ಚಿದೀಯ. ಈಚೆ ಬಾ ಮೊದ್ಲು."

ನಾನು ಈಚೆ ಬಂದೆ. ಅವನು ಗೋಡೆಯನ್ನು ಕೆಳಗಿಂದ ಮೇಲೆ ನೋಡುತ್ತ, ತೂತುಗಳು ಯಾವಾಗಿನಿಂದ ಒಣಗಿವೆ ಎಂದು ಕೇಳಿದ. ಸಿಮೆಂಟಿನ ಕಥೆ ಹೇಳಿದೆ. ನಾನು ಸಹಿ ಹಾಕಿದ್ದನ್ನೂ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ನಡುಭಾಗ ಹೊಟ್ಟೆ ಬಿಟ್ಟಿರುವುದನ್ನು ಕೋಲಿನಿಂದ ತೋರಿಸಿ, ಒಳಗೆ ನೀರು ತುಂಬಿ ಒತ್ತುತ್ತಿದೆ, ಬೇಸಿಗೆ ಕಳೆದು ಮಳೆ ಹಿಡಿದರೆ ಇದು ತಡೆಯುವುದಿಲ್ಲ ಎಂದ.

ಮನೆಗೆ ಬಂದವಳೇ ಅಡುಗೆಮನೆಯ ಹಳೆಯ ಕ್ಯಾಲೆಂಡರುಗಳನ್ನೆಲ್ಲ ತೆಗೆದೆ. ಗಾಜು ಬದಲಿಸಿದ ದಿನಗಳಲ್ಲಿ ಗುರುತು ಹಾಕುವ ಅಭ್ಯಾಸ ನನಗೆ. ಮೊದಲ ಗಾಜು ಹದಿಮೂರು ತಿಂಗಳು ಬಾಳಿತ್ತು. ಎರಡನೆಯದು ಎಂಟು ತಿಂಗಳು. ಆಮೇಲೆ ಆರು, ನಾಲ್ಕು, ಮೂರು. ಆಮೇಲೆ ಏಳು ವಾರ, ನಾಲ್ಕು ವಾರ, ಎರಡು ವಾರ. ಒಂಬತ್ತನೆಯದು ಒಂದು ವಾರ. ಮಾನ್ಯರೇ, ನಾನು ಹೆಚ್ಚು ಓದಿದವಳಲ್ಲ. ಆದರೆ ಒಲೆಯ ಮೇಲಿನ ಹಾಲು ಯಾವ ಗಳಿಗೆಯಲ್ಲಿ ಉಕ್ಕುತ್ತದೆಂದು ಪಾತ್ರೆಯ ಸದ್ದಿನಿಂದಲೇ ಹೇಳಬಲ್ಲೆ. ಈ ಲೆಕ್ಕ ಎಲ್ಲಿಗೆ ಹೋಗುತ್ತಿದೆಯೆಂದು ಹೇಳಲು ಎಂಜಿನಿಯರೇ ಬರಬೇಕೇ?

ಅದೇ ದಿನ ತಮಗೆ ಎಲ್ಲವನ್ನೂ ಬರೆದೆ. ನನ್ನ ತಪ್ಪನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆ. ಒಂದು ವಾರದ ನಂತರ ಬಂದ ಉತ್ತರದ ಸಾರಾಂಶ ಇದು: ಕಚೇರಿಯ ದಾಖಲೆಗಳ ಪ್ರಕಾರ, ಕಳೆದ ಮೂವತ್ತೇಳು ತಿಂಗಳ ಮೂವತ್ತೇಳು ತಪಾಸಣೆಗಳಲ್ಲಿ ಒಂದನ್ನುಳಿದು ಎಲ್ಲದರಲ್ಲೂ ಗಾಜಿನ ಪಟ್ಟಿ ಸುಸ್ಥಿತಿಯಲ್ಲಿದೆ ಎಂದು ಸ್ಥಳೀಯ ಸ್ವಯಂಸೇವಕಿ ಶ್ರೀಮತಿ ಬೆರಿಲ್ ಆಕ್‌ರಾಯ್ಡ್ ದೃಢೀಕರಿಸಿರುವುದರಿಂದ, ಶ್ರೀಮತಿ ಬೆರಿಲ್ ಆಕ್‌ರಾಯ್ಡ್ ಅವರ ಆತಂಕಕ್ಕೆ ಆಧಾರವಿಲ್ಲ. ನನ್ನ ಮಾತನ್ನು ಸುಳ್ಳು ಮಾಡಲು ನನ್ನದೇ ಸಹಿ ಸಾಕ್ಷಿ! ಒಂದು ಕ್ಷಣ ನನಗೆ ತಮ್ಮ ಮೇಲೆ ಗೌರವವೇ ಹುಟ್ಟಿತು. ಎರಡನೆಯ ಪತ್ರದಲ್ಲಿ ಕ್ಯಾಲೆಂಡರಿನ ಲೆಕ್ಕ ಕಳಿಸಿದೆ. ಅಡುಗೆಮನೆಯ ಕ್ಯಾಲೆಂಡರು ಮಾನ್ಯತೆ ಪಡೆದ ದಾಖಲೆಯಲ್ಲವಂತೆ. ಮೂರನೆಯದಕ್ಕೆ ಮಾತ್ರ ತಾವು ಕ್ರಮ ಕೈಗೊಂಡಿರಿ, ಇಲ್ಲವೆನ್ನುವುದಿಲ್ಲ. ಮಾಪನ ಸಾಧನದೊಂದಿಗೆ ಅನಧಿಕೃತವಾಗಿ ಹಸ್ತಕ್ಷೇಪ ಮಾಡಿದ್ದಕ್ಕಾಗಿ ನನ್ನನ್ನು ಕೆಲಸದಿಂದ ಬಿಡಿಸಿದಿರಿ. ಹಿಂದಿನ ಮಾಹಿತಿಯೆಲ್ಲ ಕೆಟ್ಟುಹೋಗಿರುವುದರಿಂದ ಹೊಸ ಗಾಜು ಇಟ್ಟು, ಹನ್ನೆರಡು ತಿಂಗಳು ಗಮನಿಸಿ, ನಂತರ ತೀರ್ಮಾನಿಸುವುದಾಗಿ ತಿಳಿಸಿದಿರಿ. ವಾರಕ್ಕೊಮ್ಮೆ ಗಾಜು ಒಡೆಯುವ ಗೋಡೆಗೆ ಹನ್ನೆರಡು ತಿಂಗಳ ವಾಯಿದೆ ಕೊಡುವ ಅಧಿಕಾರ ತಮಗೆ ಯಾರು ಕೊಟ್ಟರು? ಗೋಡೆಗೆ ಆ ಪತ್ರದ ಪ್ರತಿ ಹೋಗಿದೆಯೇ?

ಹೊಸ ಗಾಜನ್ನು ಆಗಸ್ಟ್ ಮೊದಲ ಸೋಮವಾರ ಇಟ್ಟರು. ಗುರುವಾರ ಹೋಗಿ ನೋಡಿದೆ. ಒಡೆದಿತ್ತು. ನಾನು ಮುಟ್ಟಲಿಲ್ಲ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮರುದಿನ ಸೆಡ್ರಿಕ್‌ಗೆ ತೋರಿಸೋಣವೆಂದು ಕರೆದುಕೊಂಡು ಹೋದರೆ, ಅಲ್ಲಿ ಥಳಥಳ ಹೊಳೆಯುವ ಇನ್ನೊಂದು ಗಾಜು ಕೂತಿದೆ. ನನ್ನ ಜಾಗಕ್ಕೆ ತಾವು ನೇಮಿಸಿದ ಲಯೊನೆಲ್ ಪಗ್ ಅವರು ಪಕ್ಕದಲ್ಲೇ ಕಲ್ಲಿನ ಚೂರು ಗುಡಿಸುತ್ತಿದ್ದರು. ನಗರದಿಂದ ನಿವೃತ್ತರಾಗಿ ಬಂದ ಸಜ್ಜನರು, ಅಂಗಿಗೆ ಇಸ್ತ್ರಿ ಹಾಕಿ ತೊಡುವವರು.

"ಒಡೆದಿತ್ತು ಮೇಡಂ, ಬದಲಾಯಿಸಿದೆ," ಎಂದರು. "ನೀವೇನೋ ಅನುಮತಿ ಇಲ್ದೆ ಮಾಡ್ತಿದ್ರಂತೆ. ನನಗೆ ಲಿಖಿತ ಸೂಚನೆನೇ ಕೊಟ್ಟಿದಾರೆ ನೋಡಿ. ಒಡೆದಿದ್ರೆ ಕೂಡಲೇ ಬದಲಾಯಿಸಿ, ಸುಸ್ಥಿತಿ ಕಾಪಾಡಿ ಅಂತ."

ಅವರು ಸೂಚನೆಯ ಹಾಳೆಯನ್ನು ತೋರಿಸಿದರು. ಎರಡು ವರ್ಷದ ಹಿಂದೆ ನನಗೆ ಬಂದ ಧನ್ಯವಾದದ ಮಾತುಗಳೇ ಈಗ ನಿಯಮವಾಗಿ ಅಚ್ಚಾಗಿದ್ದವು. ಸೆಡ್ರಿಕ್ ನಗಲು ಶುರುಮಾಡಿದವನು ನಡುವೆಯೇ ನಿಲ್ಲಿಸಿದ. ಗೋಡೆಯ ಮೇಲಿನ ಹುಲ್ಲುಗಾವಲಿನಲ್ಲಿ ಕುರಿಗಳು ಅಂಚಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ಮೇಯುತ್ತಿದ್ದವು. ಅಂಚಿನ ಹುಲ್ಲು ಯಾರೂ ಮುಟ್ಟದೆ ಮೊಣಕಾಲೆತ್ತರ ಬೆಳೆದಿತ್ತು. ಅವನು ಅದನ್ನು ನನಗೆ ತೋರಿಸಲಿಲ್ಲ. ನಾನು ನೋಡಿದ್ದನ್ನು ಅವನು ನೋಡಿದ, ಅಷ್ಟೆ.

ಹಳ್ಳಿ ನನ್ನ ಬೆನ್ನಿಗಿದೆ ಎಂದು ತಾವು ಹೆದರಬೇಕಿಲ್ಲ. ಹಳೆಯ ರೈಲು ನಿಲ್ದಾಣದಲ್ಲಿ ಚಹಾ ಅಂಗಡಿ ಇಟ್ಟಿರುವ ಡೆಸ್ಮಂಡ್‌ಗೆ ದಾರಿ ಮುಚ್ಚಿದರೆ ಗಿರಾಕಿಗಳಿಲ್ಲ. ಅಂಗಡಿ ತುಂಬ ಜನರಿದ್ದಾಗ ಅವನು, ಬೆರಿಲ್ ಮಾಡಿದ ಸಾರು ತಿಂದು ಬದುಕಿದ ಮಕ್ಕಳು ಗೋಡೆ ಬಿದ್ದರೆ ಸಾಯುತ್ತಾರೆಯೇ ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಮಾತು ಚೆನ್ನಾಗಿತ್ತು.

ರೊವೀನಾ ನಗಲಿಲ್ಲ. ಅವಳಿಗೆ ಜೂಡಿತ್ ನೆನಪಿದ್ದಾಳೆ. ಹನ್ನೆರಡು ವರ್ಷದಿಂದ ಪ್ರತಿ ಬೆಳಿಗ್ಗೆ ಹಳ್ಳಿಯ ಮಕ್ಕಳನ್ನು ಸಾಲಾಗಿ ಕರೆದೊಯ್ಯುವುದೂ ಅದಕ್ಕೇ. ಕಳೆದ ಭಾನುವಾರ ನನ್ನ ಮನೆಯಲ್ಲಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅವಳು ಫೋರ್ಕನ್ನು ತಟ್ಟೆಯ ಮೇಲಿಟ್ಟಳು.

"ಅಮ್ಮ, ದಾರಿ ಮುಚ್ಚಿದ್ರೆ ಮಕ್ಕಳು ಮತ್ತೆ ಹೆದ್ದಾರಿಗೇ ಹೋಗ್ಬೇಕು. ಅಲ್ಲಿ ಲಾರಿ ಬರೋದು ಖಂಡಿತ. ಗೋಡೆ ಬೀಳೋದು ನಿನ್ನ ಅನುಮಾನ. ನಾನು ಯಾವ್ದನ್ನ ನಂಬ್ಲಿ?"

"ಎರಡನ್ನೂ ನಂಬು," ಎಂದೆ.

"ಹಾಗಾದ್ರೆ ಅವರನ್ನ ಎಲ್ಲಿಂದ ಕರ್ಕೊಂಡು ಹೋಗ್ಲಿ? ಹೇಳು."

ಅವಳು ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಮೂವತ್ತನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ತಮ್ಮ ಹಿಂದಿನವರ ಹಿಂದಿನವರಿಗೆ ಕೇಳಿದ್ದೆ. ಅವರ ಬಳಿಯೂ ಉತ್ತರವಿರಲಿಲ್ಲ. ಒಂದು ಕಡೆ ಲಾರಿ, ಇನ್ನೊಂದು ಕಡೆ ಗೋಡೆ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮಕ್ಕಳಿಗೆ ಬಿಟ್ಟು ತಾವು ಗಾಜು ಒರೆಸುತ್ತ ಕೂರುವುದಾದರೆ, ತಮ್ಮ ಕಚೇರಿಯ ಬಾಗಿಲಿಗೆ ಸುರಕ್ಷತೆ ಎಂಬ ಫಲಕ ಯಾತಕ್ಕೆ?

ಈ ಬೇಸಿಗೆ ಬಹಳ ಒಣಗಿತ್ತು. ಗೋಡೆ ಇನ್ನೂ ನಿಂತಿರುವುದಕ್ಕೆ ಅದೇ ಕಾರಣವೆಂದು ಸೆಡ್ರಿಕ್ ಹೇಳುತ್ತಾನೆ. ಮೊನ್ನೆ ಶನಿವಾರದಿಂದ ಮಳೆ ಹಿಡಿದಿದೆ. ನಿನ್ನೆ ಹೋಗಿ ದಾರಿಯ ಎದುರು ಬದಿಯಲ್ಲಿ ಒಂದು ಗಂಟೆ ಕೂತೆ. ಹಕ್ಕಿಯ ಸದ್ದಿರಲಿಲ್ಲ. ಗೋಡೆಯ ಮೇಲ್ಭಾಗದಿಂದ ಹರಳುಗಾತ್ರದ ಕಲ್ಲುಗಳು ಒಂದೊಂದಾಗಿ ಬಂದು ಟಾರಿನ ಮೇಲೆ ಬೀಳುತ್ತಿದ್ದವು. ನಡುನಡುವೆ ಒಳಗಿನಿಂದ, ಮರದ ಬಾಗಿಲು ಬಿಗಿದುಕೊಳ್ಳುವಂಥ ಸದ್ದೊಂದು ಬರುತ್ತಿತ್ತು. ಇಬ್ಬರು ಸೈಕಲ್ ಸವಾರರು ಗಂಟೆ ಬಾರಿಸಿ, ನನಗೆ ನಮಸ್ಕಾರ ಹೇಳಿ, ಎಂಥ ಪ್ರಶಾಂತವಾದ ಜಾಗ ಎಂದು ಮೆಚ್ಚಿಕೊಂಡು ಹೋದರು. ಅವರನ್ನು ಕೂಗಿ ನಿಲ್ಲಿಸಬೇಕೆಂದುಕೊಂಡೆ. ಅಷ್ಟರಲ್ಲಿ ದಾಟಿ ಹೋಗಿದ್ದರು.

ನಾನು ಕೇಳುವುದು ಇಷ್ಟು. ಮಂಗಳವಾರ ಸಂಜೆಯೊಳಗೆ ಗುಡ್ಡ ಸೀಳಿದ ಜಾಗದ ಎರಡೂ ತುದಿಗೆ ಬೇಲಿ ಹಾಕಿಸಿ. ಗೋಡೆಯನ್ನು ಬಲ್ಲವರನ್ನು ಕರೆಸಿ, ನೀರನ್ನು ಹೊರಗೆ ಬಿಡಿಸಿ. ಹೇಗೆಂದು ಅವರು ಹೇಳಲಿ, ತಾವು ಹೇಳಬೇಡಿ. ಅದು ಮುಗಿಯುವವರೆಗೆ ಹದಿನಾಲ್ಕು ಮಕ್ಕಳಿಗೆ ಒಂದು ಬಸ್ಸು ಕೊಡಿ. ಒಂದೇ ಬಸ್ಸು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಮುಗಿದ ಮೇಲೆ ದಾರಿಯನ್ನು ಮಕ್ಕಳಿಗೆ ಮರಳಿ ಕೊಡಿ. ದಾರಿಯನ್ನೇ ಮರೆತುಬಿಡಲು ಇದೊಂದು ಒಳ್ಳೆಯ ನೆಪವೆಂದು ಕಚೇರಿಯಲ್ಲಿ ಯಾರಾದರೂ ಯೋಚಿಸುತ್ತಿದ್ದರೆ, ಒಂಬತ್ತು ವರ್ಷ ಅಲೆದ ತಾಯಂದಿರಲ್ಲಿ ಏಳು ಜನ ಇನ್ನೂ ಬದುಕಿದ್ದೇವೆ. ಇನ್ನೊಂದು ವಿಷಯ. ನನ್ನ ಅಷ್ಟೂ ಸಹಿಗಳನ್ನು ಈ ಪತ್ರದ ಮೂಲಕ ಹಿಂತೆಗೆದುಕೊಂಡಿದ್ದೇನೆ. ನಾಳೆ ಯಾರಾದರೂ ವಿಚಾರಣೆಗೆ ಬಂದು, ನಿಮಗೆ ಯಾರೂ ಹೇಳಿರಲಿಲ್ಲವೇ ಎಂದು ಕೇಳಿದಾಗ, ಆ ಹಾಳೆಗಳನ್ನು ತಾವು ಮುಂದಿಡುವಂತಿಲ್ಲ.

ಬೇಲಿ ಬರದಿದ್ದರೆ ಬುಧವಾರ ಬೆಳಿಗ್ಗೆ ದಾರಿಗೆ ಅಡ್ಡಲಾಗಿ ನಾನೇ ನಿಲ್ಲುತ್ತೇನೆ. ಅದು ಅಪರಾಧವೆಂದು ನನಗೆ ಗೊತ್ತು. ರೊವೀನಾಗೂ ತಿಳಿಸಿದ್ದೇನೆ. ಪಕ್ಕಕ್ಕೆ ಸರಿಸಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ. ಅವಳು ಗಟ್ಟಿಗಿತ್ತಿ, ನನಗೆ ಎಪ್ಪತ್ತೊಂದು, ಸರಿಸುವುದು ಕಷ್ಟವಾಗಲಾರದು. ಹಾಗೇನಾದರೂ ಆದರೆ ನಾನೂ ಅವರ ಹಿಂದೆ ನಡೆದುಕೊಂಡು ಒಳಗೆ ಹೋಗುತ್ತೇನೆ. ನನ್ನ ಮಗಳು ಆ ಗೋಡೆಯ ಕೆಳಗಿರುವಾಗ ಹೊರಗೆ ನಿಂತು ಕಾಯಲು ನನ್ನಿಂದಾಗುವುದಿಲ್ಲ.

ಇಂತಿ, ಮಂಗಳವಾರದವರೆಗೆ ತಮ್ಮ ಉತ್ತರವನ್ನೂ, ಆಮೇಲೆ ಮಳೆ ನಿಲ್ಲುವುದನ್ನೂ ಕಾಯುವ,
ಬೆರಿಲ್ ಆಕ್‌ರಾಯ್ಡ್
ಅಸ್ಕರ್‌ಬೆಕ್